ಸದರಿ ಗ್ರಿಲ್ಲಿನ ಮೇಲಿನ ಟೀ ಕಲೆ

ಗ್ಯಾನೆಟ್ ಬೇ ಪುರಸಭೆಯ ಮೇಯರ್ ಲಿಂಡ್ಸೆ ಫಿಟ್ಸ್ನರ್ ಅವರು ಸಾಸೇಜ್ ತಿನ್ನುವ ಮೊದಲು ತಮ್ಮ ಟೈಯನ್ನು ಅಂಗಿಯ ಎರಡನೆಯ ಮತ್ತು ಮೂರನೆಯ ಗುಂಡಿಗಳ ನಡುವೆ ತೂರಿಸಿಕೊಳ್ಳುತ್ತಾರೆ. ನಂತರ ಬಗ್ಗಿ, ಕಡಲತೀರದ ಸಾರ್ವಜನಿಕ ಗ್ರಿಲ್ಲಿನ ಸ್ಟೀಲ್ ಮೈಯಲ್ಲಿ ಮುಖ ನೋಡಿಕೊಂಡು, ಹಣೆಯ ಮೇಲಿನ ಕೂದಲನ್ನು ಎಡಕ್ಕೆ ಸರಿಸುತ್ತಾರೆ. ಫೋಟೊ ಆಮೇಲೆ. ಇದು ಊರಿಗೆಲ್ಲ ತಿಳಿದ ಸಂಗತಿ. ಇದರಿಂದ ಯಾರಿಗಾದರೂ ತೊಂದರೆಯಾದ ಬಗ್ಗೆ ಪುರಸಭೆಗೆ ದೂರು ಬಂದಿಲ್ಲ.

ಮೇ ತಿಂಗಳ ಒಂದು ಶನಿವಾರ, ಜೀವರಕ್ಷಕ ದೋಣಿಯ ಶೆಡ್ಡಿಗೆ ಹೊಸ ಮಾಡು ಹೊದಿಸಲು ಹಣ ಕೂಡಿಸಲೆಂದು ಸಾಸೇಜ್ ಮಾರಾಟ ಏರ್ಪಾಡಾಗಿತ್ತು. ಮೇಯರ್ ಟೈ ತೂರಿಸಿದರು, ಬಗ್ಗಿದರು. ಹಣೆಯ ಮೇಲೆ ಒಂದು ಕಂದು ಕಲೆ ಕಂಡಿತು. ಕರವಸ್ತ್ರದಿಂದ ಒರೆಸಿಕೊಂಡರು. ಹೋಗಲಿಲ್ಲ. ಇನ್ನಷ್ಟು ಉಜ್ಜಿಕೊಂಡರು. ಹಣೆ ಕೆಂಪಾಯಿತು, ಕಲೆ ಕಂದಾಗಿಯೇ ಉಳಿಯಿತು.

ಪಕ್ಕದಲ್ಲಿ ಈರುಳ್ಳಿ ಬಾಡಿಸುತ್ತಿದ್ದ ರೇಂಜರ್ ಡಾರಿಲ್ ಕೊನೆಗೆ ತಡೆಯಲಾರದೆ ಹೇಳಿದ, "ಲಿಂಡ್ಸೆ, ನಿನ್ನ ಹಣೆಗೇನೂ ಆಗಿಲ್ಲ ಮಾರಾಯ. ಅದು ಗ್ರಿಲ್ಲಿಗೆ ಹಿಡಿದಿರೋದು."

ಡಾರಿಲ್ ನಮ್ಮ ಊರಿನ ಕಾನೂನು ಪಾಲನೆ. ಅಂದರೆ ನಾಯಿಗೆ ಪಟ್ಟಿ ಹಾಕದವರನ್ನು, ತಪ್ಪಾಗಿ ಕಾರು ನಿಲ್ಲಿಸಿದವರನ್ನು ಹಿಡಿಯುವವನು. ಅವನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಸೋಮವಾರ ತುರ್ತು ಸಭೆ ಕರೆಯಲಾಯಿತು.

ಸಭೆಯಲ್ಲಿ ಕಾಮಗಾರಿ ವಿಭಾಗದ ಮುಖ್ಯಸ್ಥ ಬ್ರೆಂಟನ್ ಹೂಪರ್ ಒಂದು ತೊಡಕನ್ನು ವಿವರಿಸಿದರು. ಸದರಿ ಗ್ರಿಲ್ಲು ಸ್ಟೇನ್‌ಲೆಸ್, ಅಂದರೆ ಕಲೆಯಿಲ್ಲದ ಉಕ್ಕಿನದು. ಕಲೆಯಿಲ್ಲದ್ದು ಎಂದು ಹಿಂದಿನ ಸಭೆಯೇ ಸರ್ವಾನುಮತದಿಂದ ಒಪ್ಪಿದೆ.

"ಈಗ ಅದರ ಮೇಲೆ ಕಲೆ ಇದೆ ಅಂದ್ರೆ, ಹಿಂದಿನ ಸಭೆ ಸುಳ್ಳು ಹೇಳಿದೆ ಅಂತಾಗುತ್ತೆ," ಎಂದರು ಬ್ರೆಂಟನ್.

"ಹಿಂದಿನ ಸಭೇಲಿ ಯಾರಿದ್ರು?" ಎಂದು ಮೇಯರ್ ಕೇಳಿದರು.

"ನಾವೇ."

ಸ್ವಲ್ಪ ಹೊತ್ತು ಎಲ್ಲರೂ ತಮ್ಮ ತಮ್ಮ ಬಿಸ್ಕತ್ತು ನೋಡಿಕೊಂಡರು. ಹಿಂದಿನ ಸಾಲಿನ ಸದಸ್ಯೆಯೊಬ್ಬರು "ತುಕ್ಕು" ಎಂಬ ಪದ ಬಳಸಿದರು. ಅದನ್ನು ವಾಪಸು ಪಡೆಯುವಂತೆ ಅವರಿಗೆ ಸೂಚಿಸಲಾಯಿತು. ಅವರು ವಾಪಸು ಪಡೆದು ಕ್ಷಮೆ ಕೋರಿದರು. ತಜ್ಞರ ಅಭಿಪ್ರಾಯ ಬರುವತನಕ ಅದನ್ನು "ಕಂದು ಇರುವಿಕೆ" ಎಂದು ಕರೆಯತಕ್ಕದ್ದೆಂದು ತೀರ್ಮಾನವಾಯಿತು.

ಅಡಿಲೇಡ್‌ನಿಂದ ಲೋಹತಜ್ಞೆಯೊಬ್ಬರು ಬಂದರು. ಅಂದು ದಕ್ಷಿಣದ ಗಾಳಿ. ಅವರು ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಕಾರಿನ ಬಾಗಿಲು ಹಿಡಿದುಕೊಂಡೇ ಗ್ರಿಲ್ ನೋಡಿ, "ಇದು ಟೀ ಕಲೆ. ಕಡಲಬದಿಯಲ್ಲಿ ಎಲ್ಲ ಕಡೆ ಇರುತ್ತೆ," ಎಂದರು. ಆಮೇಲೆ ಉಪ್ಪು, ಸಿಹಿನೀರು, ವಾರಕ್ಕೊಮ್ಮೆ ತೊಳೆಯೋದು ಅಂತ ಇನ್ನೇನೋ ಹೇಳಿದರು. ಅದನ್ನು ಗಾಳಿ ಒಯ್ದಿತು. ಬ್ರೆಂಟನ್ ಗೌರವದಿಂದ ತಲೆಯಾಡಿಸಿದರು.

ಕಡಲ ಉಪ್ಪಿನಿಂದ ಸ್ಟೀಲಿನ ಮೇಲೆ ಮೂಡುವ, ಟೀ ಬಣ್ಣದ ಕಂದಿಗೆ ಉಕ್ಕಿನ ಕೆಲಸದವರು "ಟೀ ಕಲೆ" ಎನ್ನುತ್ತಾರೆ ಎಂಬುದು ನಿಜವೇ. ಟೀಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಪುರಸಭೆ ಉಕ್ಕಿನ ಕೆಲಸ ಮಾಡುವುದಿಲ್ಲ.

"ಟೀ ಕಲೆಯಾ?" ಎಂದರು ಮೇಯರ್. "ಯಾರ ಟೀ?"

ಕಡಲತೀರದಲ್ಲಿ ಇದ್ದದ್ದು ಒಬ್ಬರದೇ ಟೀ.

ನೋಲೀನ್ ಟ್ರೆಥೂಯಿ ಅವರು ಎಪ್ಪತ್ತು ದಾಟಿದವರು. ಊರಿನ ಅರ್ಧ ಜನಕ್ಕೆ ಈಜು ಕಲಿಸಿದವರು. ಬೆಳಗಾಗುತ್ತಲೇ ಗ್ರಿಲ್ಲಿನ ಪಕ್ಕ ಮಡಚುವ ಮೇಜು ಹಾಕಿ, ಅದರ ಮೇಲೆ ನಲ್ಲಿಯಿರುವ ದೊಡ್ಡ ಟೀ ಡ್ರಮ್ ಇಟ್ಟು ನಿಲ್ಲುತ್ತಿದ್ದರು. ಚಳಿಗಾಲದಲ್ಲೂ ಕಡಲಿಗೆ ಬೀಳುವ ಮುದುಕ ಮುದುಕಿಯರ ಗುಂಪೊಂದು ನಮ್ಮಲ್ಲಿದೆ, ತಮ್ಮನ್ನು ಚಳಿಮೀನುಗಳು ಎಂದು ಕರೆದುಕೊಳ್ಳುತ್ತಾರೆ. ಅವರು ನೀರಿನಿಂದ ಎದ್ದು ಬರುವಾಗ ನೋಲೀನ್ ಕಪ್ ಹಿಡಿದು ನಿಂತಿರುತ್ತಿದ್ದರು. ಎಲ್ಲರದೂ ಆದಮೇಲೆ ಡ್ರಮ್ಮಿನಲ್ಲಿ ಉಳಿದ ಬಿಸಿ ತೆಳು ಟೀಯನ್ನು ಗ್ರಿಲ್ಲಿನ ಮೇಲೆ ಸುರಿದು, ಗಂಡ ರಾನ್‌ನ ಹಳೇ ಟವೆಲ್ಲಿನಲ್ಲಿ ಒಂದು ಸಲ ಉಜ್ಜುತ್ತಿದ್ದರು. ಮೋರಿ ದೂರ, ಡ್ರಮ್ ಭಾರ, ಅಷ್ಟೇ ಕಾರಣ. ಏಪ್ರಿಲ್ ತಿಂಗಳಲ್ಲಿ ಮಾತ್ರ ಅವರು ಮಂಡಿ ಚಿಕಿತ್ಸೆಗೆಂದು ತಂಗಿಯ ಊರಿಗೆ ಹೋಗಿದ್ದರು, ಹಾಗಾಗಿ ಯಾರೂ ಸುರಿದಿರಲಿಲ್ಲ. ಕಂದು ಕಂಡದ್ದು ಮೇ ತಿಂಗಳಲ್ಲಿ. ಈ ಎರಡು ಸಂಗತಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಹಾಗೆ ನೋಡುವುದಕ್ಕೆ ಪುರಸಭೆಯಲ್ಲಿ ಪ್ರತ್ಯೇಕ ವಿಭಾಗವಿಲ್ಲ.

"ದಿನಾ ಸುರೀತಾರೆ," ಎಂದು ಡಾರಿಲ್ ಸಾಕ್ಷಿ ಹೇಳಿದ. "ಕಣ್ಣಾರೆ ನೋಡಿದ್ದೀನಿ. ನಾನೇ ಅಲ್ಲಿ ಟೀ ಕುಡೀತಾ ನಿಂತಿದ್ದೆ."

ಮೇಯರ್ ಸ್ವತಃ ಸ್ಥಳ ಪರಿಶೀಲನೆಗೆ ಹೋದರು.

"ಬಾ ಲಿಂಡ್ಸೆ," ಎಂದರು ನೋಲೀನ್. "ಸಕ್ಕರೆ ಎರಡು ಚಮಚ, ಅಲ್ವಾ? ಇನ್ನೂ ಬಿಟ್ಟಿಲ್ಲ ತಾನೇ?"

"ನೋಲೀನ್, ಇದು ಅಧಿಕೃತ ಭೇಟಿ."

"ಅಧಿಕೃತಕ್ಕೆ ಸಕ್ಕರೆ ಹಾಕಬಾರದಾ?"

ಮೇಯರ್ ವಿಷಯ ತಿಳಿಸಿದರು. ಆಗತಾನೇ ನೀರಿನಿಂದ ಎದ್ದು ಬಂದಿದ್ದ ಕ್ಲೆಮ್ ಪಕ್ಕದಲ್ಲೇ ನಿಂತಿದ್ದರು. ಚಳಿಮೀನುಗಳಲ್ಲಿ ಎಲ್ಲರಿಗಿಂತ ಹಿರಿಯರು. ತುಟಿ ನೀಲಿ, ಎರಡೂ ಕೈಯಲ್ಲಿ ಹಿಡಿದ ಕಪ್ ಕಟಕಟ ಅನ್ನುತ್ತಿತ್ತು.

"ಟೀ ಹಾರಿ ಗ್ರಿಲ್ಲಿಗೆ ಕಲೆ ಮಾಡ್ತಾ?" ಎಂದರು ನೋಲೀನ್. "ಕಪ್ಪಿಂದ ಬಾಯಿಗೇ ಸರಿಯಾಗಿ ಹೋಗ್ತಿಲ್ಲ, ಕ್ಲೆಮ್ ಕೈ ನೋಡು."

"ನನ್ನ ಕೈ ಸುದ್ದಿ ನಿಂಗ್ಯಾಕೆ," ಎಂದರು ಕ್ಲೆಮ್. "ಇನ್ನೊಂದು ಕಪ್ ಬಗ್ಗಿಸು."

"ನೀವು ದಿನಾ ಸುರೀತೀರಂತೆ," ಎಂದರು ಮೇಯರ್.

"ಸುರೀತೀನಿ. ಅದಕ್ಕೇನೀಗ? ಈ ಡ್ರಮ್ಮೂ ಸ್ಟೀಲೇ ಕಣೋ. ಎಷ್ಟೋ ವರ್ಷದಿಂದ ಟೀ ಅದರ ಹೊಟ್ಟೆಯೊಳಗೇ ಇದೆ. ಉಜ್ಜಿದ್ರೆ ಹೋಗದಂಥ ಒಂದೇ ಒಂದು ಕಲೆ ತೋರ್ಸು, ಇವತ್ತೇ ಮೇಜು ಮಡಚ್ತೀನಿ."

ಮೇಯರ್ ಡ್ರಮ್ಮಿನೊಳಗೆ ಇಣುಕಲಿಲ್ಲ. ಡ್ರಮ್ ಖಾಸಗಿ ಆಸ್ತಿ, ಅದು ಪುರಸಭೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ವಿವರಿಸಿದರು.

ನೋಲೀನ್ ಕಪ್ಪುಗಳನ್ನು ಜೋಡಿಸುತ್ತ, ತಲೆಯೆತ್ತದೆ ಹೇಳಿದರು, "ಲಿಂಡ್ಸೆ, ನಂಗೆ ಒಬ್ಬಳಿಗೆ ಟೀ ಮಾಡೋಕೆ ಬರಲ್ಲ. ರಾನ್ ಹೋದ್ಮೇಲೂ ಕೈ ಎರಡೇ ಕಪ್ ತೆಗೆಯುತ್ತೆ. ಒಂದು ಹಾಗೇ ಆರಿಹೋಗುತ್ತೆ, ಎದುರಿಗೆ ಕೂತು ನೋಡ್ಬೇಕು. ಇಲ್ಲಿ ಆದ್ರೆ ಎಷ್ಟು ಮಾಡಿದ್ರೂ ಖರ್ಚಾಗುತ್ತೆ. ಈ ಮೇಜೊಂದು ಬಿಟ್ಬಿಡು."

"ನಿಮ್ಮ ಭಾವನೆಗಳನ್ನು ಗಮನಕ್ಕೆ ತೆಗೆದುಕೊಳ್ಳಲಾಗಿದೆ," ಎಂದರು ಮೇಯರ್. ಸಾಕ್ಷ್ಯವನ್ನು ಪರೀಕ್ಷಿಸುವ ಸಲುವಾಗಿ ಒಂದು ಕಪ್ ಟೀ ಕುಡಿದರು. ಸಕ್ಕರೆ ಎರಡು ಚಮಚ.

ಮರುವಾರ ಕಡಲತೀರದಲ್ಲಿ ಫಲಕ ನಿಂತಿತು:

"ಸಾರ್ವಜನಿಕರ ಗಮನಕ್ಕೆ. ಸದರಿ ಗ್ರಿಲ್ಲು ಕಣ್ಣಿಗೆ ಕಾಣುವಷ್ಟು ದೂರದವರೆಗೆ ಟೀ ತಯಾರಿಸುವುದು, ಇಟ್ಟುಕೊಳ್ಳುವುದು, ಹಂಚುವುದು ಹಾಗೂ ಸೇವಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಗ್ರಿಲ್ಲು ಕಾಣದಂತೆ ಬೆನ್ನು ತಿರುಗಿಸಿ ಕುಡಿದಲ್ಲಿ ಅದನ್ನೂ ಸೇವನೆಯೆಂದೇ ಪರಿಗಣಿಸಲಾಗುವುದು. ಬರೀ ಬಿಸಿನೀರನ್ನು ಟೀ ಆಗುವ ಮೊದಲಿನ ಸ್ಥಿತಿ ಎಂದು ತಿಳಿಯತಕ್ಕದ್ದು."

ಫಲಕದಲ್ಲಿ ಕಾಫಿಯ ಪ್ರಸ್ತಾಪ ಇರಲಿಲ್ಲ. ಮರುದಿನವೇ ಮೇಯರ್ ಅವರ ಭಾವಮೈದುನ ಟ್ರಾಯ್‌ನ ಕಾಫಿ ವ್ಯಾನು, ಮೂಲೆಯಲ್ಲೇ ಕಾಯುತ್ತಿತ್ತೇನೋ ಎನ್ನುವ ಹಾಗೆ ಬಂದು ನಿಂತಿತು. ಮೂಲೆಯಲ್ಲೇ ಕಾಯುತ್ತಿತ್ತು. ಅದಕ್ಕೆ ಪರವಾನಗಿ ಕೊಡುವ ವಿಷಯ ಸಭೆಗೆ ಬಂದಾಗ ಮೇಯರ್ ತಮಗೆ ಇದರಲ್ಲಿ ನೆಂಟಸ್ತಿಕೆ ಇರುವುದನ್ನು ಪ್ರಾಮಾಣಿಕವಾಗಿ ಘೋಷಿಸಿ, ಕಾನೂನಿನಂತೆ ಕೋಣೆಯಿಂದ ಹೊರನಡೆದರು. ಗಾಜಿನ ಬಾಗಿಲಿನ ಆಚೆ ನಿಂತು ಮತ ಹಾಕುವವರ ಮುಖಗಳನ್ನು ಒಂದೊಂದಾಗಿ ನೋಡಿದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

"ಕಾಫಿಯಿಂದ ಕಲೆ ಆಗಲ್ವಾ?" ಎಂದು ತುಕ್ಕಿನ ಸದಸ್ಯೆ ಕೇಳಿದ್ದುಂಟು.

"ತಜ್ಞೆ ಹೇಳಿದ್ದು ಟೀ ಕಲೆ," ಎಂದರು ಬ್ರೆಂಟನ್. "ಕಾಫಿ ಕಲೆ ಅಂತ ಅವರ ಬಾಯಲ್ಲಿ ಬರಲಿಲ್ಲ. ನಾನು ಅಲ್ಲೇ ಇದ್ದೆ."

ಒಂದು ಸಣ್ಣ ಅನನುಕೂಲ ಕಂಡುಬಂತು. ಚಳಿಮೀನುಗಳು ನೀರಿನಿಂದ ಏಳುವುದು ಬೆಳಿಗ್ಗೆ ಏಳಕ್ಕೆ. ಟ್ರಾಯ್ ವ್ಯಾನು ತೆರೆಯುವುದು ಒಂಬತ್ತಕ್ಕೆ. ಒಂಬತ್ತರವರೆಗೆ ನೀರಿನಲ್ಲೇ ಇದ್ದಲ್ಲಿ ಸಮಸ್ಯೆ ಬಗೆಹರಿಯುತ್ತದೆಂದು ಅವರಿಗೆ ಸಲಹೆ ನೀಡಲಾಯಿತು. ಕ್ಲೆಮ್ ಒಂದು ದಿನ ಟವೆಲ್ ಸುತ್ತಿಕೊಂಡು ಕಾದರು. ಟ್ರಾಯ್ ಕಾಫಿಯ ನೊರೆಯ ಮೇಲೆ ಹಾಲಿನಲ್ಲಿ ಎಲೆಯ ಚಿತ್ರ ಬಿಡಿಸತೊಡಗಿದ.

"ಎಲೆ ಬೇಡ ಕಣಯ್ಯಾ, ಕೊಟ್ಬಿಡು."

"ಅಜ್ಜಾ, ಇದು ಕಲೆ. ಅವಸರ ಮಾಡಿದ್ರೆ ಕೆಡುತ್ತೆ."

"ಕಲೇನಾ? ಹಾಗಿದ್ರೆ ನಿನ್ನನ್ನೂ ಫಲಕಕ್ಕೆ ಹಾಕ್ಬೇಕು!" ಎಂದರು ಕ್ಲೆಮ್. "ನೀನು ಎಲೆ ಮುಗಿಸೋ ಹೊತ್ತಿಗೆ ನಾನು ಬೇರು ಸಮೇತ ಒಣಗಿರ್ತೀನಿ."

ನೋಲೀನ್ ಮಾತ್ರ ದಿನವೂ ಬಂದು ಖಾಲಿ ಬೆಂಚಿನ ಮೇಲೆ ಕೂರುತ್ತಿದ್ದರು. ಕೂರುವುದಕ್ಕೆ ನಿಷೇಧವಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ, ಕೋಟಿನ ಜೇಬಿಗೆ ಹಾಕುವರು, ತೆಗೆಯುವರು.

ಮುಂದಿನದು ಭಾಷೆಗೆ ಸಂಬಂಧಿಸಿದ ವಿಚಾರ. ನಮ್ಮ ಕಡೆ ಸಂಜೆಯ ಊಟಕ್ಕೂ ಟೀ ಎಂದೇ ಹೆಸರು. "ಇವತ್ತು ಟೀಗೆ ಏನು?" ಎಂದು ಮನೆಯಲ್ಲಿ ಕೇಳಿದರೆ ಕುರಿಮಾಂಸ ಎಂದೋ, ಮೀನು ಎಂದೋ ಉತ್ತರ ಬರುತ್ತದೆ. ಡಾರಿಲ್ ಇಂಥ ಮನೆಯಲ್ಲಿ ಬೆಳೆದವನು. ಒಂದು ಸಂಜೆ ಆರರ ಸುಮಾರಿಗೆ ಗಂಡ ಹೆಂಡತಿ ಇಬ್ಬರು ಗ್ರಿಲ್ಲಿನ ಬಳಿ ಸಾಸೇಜು ಬೇಯಿಸಿಕೊಂಡು ಬ್ರೆಡ್ಡಿನಲ್ಲಿ ಸುತ್ತುತ್ತಿದ್ದರು.

"ಏನ್ ನಡೀತಾ ಇದೆ ಇಲ್ಲಿ?" ಎಂದ ಡಾರಿಲ್.

"ಟೀ ಕಣಪ್ಪ, ಇನ್ನೇನು," ಎಂದಳು ಹೆಂಡತಿ.

ಡಾರಿಲ್ ದಂಡದ ಚೀಟಿ ಹರಿದುಕೊಟ್ಟ.

"ಅಯ್ಯೋ, ಇದು ಸಾಸೇಜು!"

"ಟೀ ಅಂತ ನೀವೇ ಒಪ್ಕೊಂಡಾಗಿದೆ ಅಕ್ಕಾ. ನಾನೇನೂ ಹೇಳಿಕೊಟ್ಟಿಲ್ಲ."

ಈ ಗೊಂದಲ ಮತ್ತೆ ಬಾರದಂತೆ ಪುರಸಭೆ ಸ್ಪಷ್ಟೀಕರಣ ಹೊರಡಿಸಿತು. ಸಂಜೆ ಐದಕ್ಕೆ ಮುಂಚೆ ತಿಂದ ಸಾಸೇಜು ಸಾಸೇಜೇ, ಐದರ ನಂತರ ತಿಂದದ್ದು ಟೀ. ಐದು ಹೊಡೆಯುವ ವೇಳೆಗೆ ಬಾಯಲ್ಲಿರುವುದನ್ನು ಸಾಸೇಜೆಂದೂ ಕೈಯಲ್ಲಿರುವುದನ್ನು ಟೀಯೆಂದೂ ಪರಿಗಣಿಸತಕ್ಕದ್ದು. ಇದಾದ ಮೇಲೆ ಐದು ಗಂಟೆ ಸಮೀಪಿಸುತ್ತಿದ್ದಂತೆ ಕಡಲತೀರದಲ್ಲಿ ಜನ ಒಂದು ಅಪೂರ್ವ ವೇಗದಲ್ಲಿ ಅಗಿಯುವುದು ಕಂಡುಬರುತ್ತಿತ್ತು. ಒಬ್ಬರು ನೆತ್ತಿಗೆ ಹತ್ತಿಸಿಕೊಂಡರು. ನೀರು ಕೊಡಲು ಯಾರೂ ಮುಂದೆ ಬರಲಿಲ್ಲ, ಅದು ಟೀ ಆಗುವ ಮೊದಲಿನ ಸ್ಥಿತಿ ಹೌದೋ ಅಲ್ಲವೋ ಯಾರಿಗೂ ಖಾತ್ರಿಯಿರಲಿಲ್ಲ.

ಕ್ರಮೇಣ ಗ್ರಿಲ್ಲಿನ ಬಳಿಗೆ ಜನ ಬರುವುದೇ ನಿಂತಿತು. ಬಂದದ್ದು ಗಾಳಿ ಮತ್ತು ಉಪ್ಪು. ನಮ್ಮ ಕಡೆ ನಡುಚಳಿಗಾಲವಾದ ಜುಲೈ ಹೊತ್ತಿಗೆ ಹಣೆಯಷ್ಟಿದ್ದ ಕಂದು ಮೇಲ್ಭಾಗವನ್ನೆಲ್ಲ ಆವರಿಸಿ, ಪಕ್ಕಗಳಿಗೆ ಇಳಿದು, ಉರಿ ಹೊತ್ತಿಸುವ ಗುಂಡಿಯ ಸುತ್ತ ಉಂಗುರ ಕಟ್ಟಿತು. ನಿಷೇಧವಿದ್ದೂ ಕಲೆ ಹೆಚ್ಚುತ್ತಿದೆ ಎಂದರೆ ಎಲ್ಲೋ ಕಳ್ಳತನದಿಂದ ಟೀ ನಡೆಯುತ್ತಿದೆ ಎಂದು ಸಭೆ ತರ್ಕಿಸಿತು. ಡಾರಿಲ್‌ಗೆ ಥರ್ಮಸ್‌ಗಳನ್ನು ಮೂಸುವ ಅಧಿಕಾರ ಕೊಡಲಾಯಿತು. ಅವನು ಶ್ರದ್ಧೆಯಿಂದ ಮೂಸಿದ. ಕೋಳಿ ಸೂಪು ಎರಡು, ಬ್ರಾಂದಿ ಒಂದು ಪತ್ತೆಯಾದವು. ಬ್ರಾಂದಿಗೆ ನಿಷೇಧವಿಲ್ಲದ ಕಾರಣ ಕ್ಲೆಮ್ ಅವರನ್ನು ಬಿಟ್ಟುಕಳುಹಿಸಲಾಯಿತು.

ಅಷ್ಟರಲ್ಲಿ "ಚೊಕ್ಕ ಊರು" ಸ್ಪರ್ಧೆಯ ತೀರ್ಪುಗಾರರು ವಸಂತದಲ್ಲಿ ಬರುತ್ತಾರೆಂಬ ಸುದ್ದಿ ಬಂತು. ಬಣ್ಣಗೆಟ್ಟ ಸಾರ್ವಜನಿಕ ಆಸ್ತಿಗೆ ಅವರು ಅಂಕ ಕಳೆಯುತ್ತಾರೆ. ನೆರೆಯ ಊರು ಸತತವಾಗಿ ಗೆಲ್ಲುತ್ತ ಬಂದಿದೆ, ಅವರ ಮೇಯರ್ ಅದನ್ನು ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಾರೆ. ನಮ್ಮ ಮೇಯರ್ ಎರಡು ದಿನ ಸರಿಯಾಗಿ ಸಾಸೇಜು ಮುಟ್ಟಲಿಲ್ಲ.

ಆಗ ಬ್ರೆಂಟನ್ ಹೂಪರ್ ಅವರಿಗೆ ಹೊಳೆಯಿತು.

"ಬಣ್ಣಗೆಟ್ಟದ್ದು ಅಂದ್ರೆ ಏನು?" ಎಂದು ಅವರು ಸಭೆಯನ್ನು ಕೇಳಿದರು. "ಒಂದು ವಸ್ತು ಹೆಚ್ಚಿನ ಭಾಗ ಯಾವ ಬಣ್ಣವೋ ಅದು ಅದರ ಬಣ್ಣ. ಬೇರೆ ಬಣ್ಣ ಎಲ್ಲಿದೆಯೋ ಅಲ್ಲಿ ಕೆಟ್ಟಿದೆ ಅಂತ ಅರ್ಥ. ನಮ್ಮ ಗ್ರಿಲ್ಲು ಹೆಚ್ಚಿನ ಭಾಗ ಕಂದು."

ಸಭೆ ಬಿಸ್ಕತ್ತು ಕೆಳಗಿಟ್ಟಿತು.

"ಅಂದ್ರೆ ಬಿಳೀದಾಗಿ ಹೊಳೀತಾ ಇರೋದು..." ಎಂದರು ಮೇಯರ್.

"ಹೌದು. ಅದು ಕಲೆ."

ಹೀಗೆ ಕಂದನ್ನು ಸದರಿ ಗ್ರಿಲ್ಲಿನ ಪಾರಂಪರಿಕ ಬಣ್ಣವೆಂದು ಘೋಷಿಸಲಾಯಿತು. ಮೂಲೆಗಳಲ್ಲಿ, ಹಿಡಿಕೆಯ ಹಿಂದೆ ಅಲ್ಲಲ್ಲಿ ಉಳಿದಿದ್ದ ಹೊಳಪನ್ನು ನಿವಾರಿಸುವ ಗುತ್ತಿಗೆಯನ್ನು, ಮೇಯರ್ ಮತ್ತೆ ಗಾಜಿನ ಬಾಗಿಲಿನ ಆಚೆ ನಿಂತಿರುವಾಗ, ಟ್ರಾಯ್‌ಗೆ ವಹಿಸಲಾಯಿತು. ಅವನು ಕಾಫಿ ಬಳಿದ. ಹಿಡಿಯಲಿಲ್ಲ. ಎಲೆಯ ಚಿತ್ರ ಬಿಡಿಸಿಯೂ ನೋಡಿದ. ಟೀ ಕಲೆ ಮೂಡಲು ಟೀಯೇ ಬೇಕೆಂಬುದು ಸ್ವಯಂವೇದ್ಯವಾಯಿತು. ಗುತ್ತಿಗೆ ಟ್ರಾಯ್‌ನ ಬಳಿಯೇ ಉಳಿಯಿತು, ಕೆಲಸ ಮಾತ್ರ ನೋಲೀನ್ ಅವರಿಗೆ ಬಂತು.

ಮೇಯರ್ ನೋಲೀನ್ ಅವರ ಮನೆಗೆ ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಎರಡು ಕಪ್ ಟೀ ಇತ್ತು. ಒಂದು ಅರ್ಧವಾಗಿತ್ತು, ಇನ್ನೊಂದು ತುಂಬಿತ್ತು.

"ಯಾರಾದ್ರೂ ಬರೋರಿದ್ದಾರಾ?"

"ಇಲ್ಲ. ಕೂತ್ಕೋ. ಅದನ್ನೇ ಕುಡಿ, ಇನ್ನೂ ಆರಿಲ್ಲ."

ಮೇಯರ್ ಕುಡಿದರು. ಆಮೇಲೆ, ಡ್ರಮ್ ತೆಗೆದುಕೊಂಡು ನಾಳೆಯಿಂದ ಕಡಲತೀರಕ್ಕೆ ಬರಬೇಕು ಎಂದರು.

ನೋಲೀನ್ ಎದ್ದೇಬಿಟ್ಟರು. "ನಿಜವಾಗ್ಲೂ? ಮೇಜು ಗ್ಯಾರೇಜಲ್ಲಿದೆ, ಹೊರಗೆ ತೆಗೀಬೇಕು. ಕಪ್ಪು ಎಷ್ಟು ತರ್ಲಿ? ಕ್ಲೆಮ್‌ಗೆ ಫೋನ್ ಮಾಡ್ಲಾ?"

"ಮೇಜು ಬೇಡ, ನೋಲೀನ್. ಕಪ್ಪೂ ಬೇಡ."

ಅವರು ವಿವರಿಸಿ ಮುಗಿಸುವತನಕ ನೋಲೀನ್ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು.

"ಅಂದ್ರೆ ಗ್ರಿಲ್ಲಿಗೆ ಟೀ ಕೊಡ್ಬೇಕು," ಎಂದರು ಕೊನೆಗೆ. "ಮನುಷ್ಯರಿಗೆ ಕೂಡದು."

"ಮನುಷ್ಯರ ಮೇಲಿನ ನಿಷೇಧ ತೆಗೀಬೇಕಾದ್ರೆ ಬೇರೆ ಪ್ರಕ್ರಿಯೆ ಇದೆ. ಅದಕ್ಕೊಂದು ಉಪಸಮಿತಿ ಆಗ್ಬೇಕು."

"ಆಗ್ಲಿ ಬಿಡು. ವಾಸನೆಯಾದ್ರೂ ಬರುತ್ತೆ."

ಅವರಿಗೆ ದೂರದಿಂದಲೇ ಕಾಣುವ ಹಳದಿ ಜಾಕೆಟ್ ಒದಗಿಸಲಾಯಿತು. ಬೆನ್ನಿನ ಮೇಲೆ "ಬಣ್ಣ ನಿರ್ವಹಣೆ" ಎಂದಿತ್ತು. ಬೆಳಗಾಗುತ್ತಲೇ ಅವರು ಬಂದು, ಡಾರಿಲ್‌ನ ಸಮಕ್ಷಮದಲ್ಲಿ, ಬಿಸಿ ಟೀಯನ್ನು ಗ್ರಿಲ್ಲಿನ ಮೇಲೆ ಸುರಿಯತೊಡಗಿದರು. ಸುರಿದ ಮೇಲೆ ಕೈ ತನ್ನಷ್ಟಕ್ಕೆ ರಾನ್‌ನ ಟವೆಲ್ ಹುಡುಕಿ ಒಂದು ಸಲ ಉಜ್ಜುತ್ತಿತ್ತು. ಅದನ್ನು ಯಾರೂ ಬೇಡವೆನ್ನಲಿಲ್ಲ.

ಪರಿಣಾಮ ನಿರೀಕ್ಷೆಗೆ ವಿರುದ್ಧವಾಗಿತ್ತು. ವಾರ ಕಳೆಯುವುದರೊಳಗೆ ಒಂದು ಮೂಲೆಯ ಹೊಳಪು ಅಂಗೈಯಗಲವಾಯಿತು. ಆಮೇಲೆ ತಟ್ಟೆಯಗಲ. ಬಣ್ಣಗೆಡುವುದು ವೇಗವಾಗಿ ಹರಡುತ್ತಿದೆ ಎಂದು ಬ್ರೆಂಟನ್ ಕಳವಳದಿಂದ ವರದಿ ಮಾಡಿದರು. ಟೀ ತೆಳುವಾಗಿರುವುದೇ ಕಾರಣವೆಂದು ಸಭೆ ಒಪ್ಪಿತು. ಇನ್ನಷ್ಟು ಕಡು ಟೀ, ದಿನಕ್ಕೆ ಎರಡು ಡ್ರಮ್ ಮಂಜೂರಾಯಿತು. ಹಾಲು ಹಾಕಕೂಡದು, ಬಿಳುಪು ಬರುತ್ತದೆ. ಹೊಳಪು ಇನ್ನೂ ಹೆಚ್ಚಿತು. ಮೂರನೆಯ ಡ್ರಮ್ಮನ್ನು ಪಕ್ಕದ ಊರಿನಿಂದ ಎರವಲು ತರಲಾಯಿತು, ಕಾರಣ ಹೇಳದೆ.

ಜನ ಇದಕ್ಕೆ ಹೊಂದಿಕೊಂಡರು. ನಮ್ಮವರು ಹೊಂದಿಕೊಳ್ಳುವ ಪೈಕಿ. ಟೀ ಸುರಿಯುವಾಗ ಏಳುವ ಹಬೆಗೆ ಚಳಿಮೀನುಗಳು ಗ್ರಿಲ್ಲಿನ ಸುತ್ತ ನಿಂತು ಕೈ ಚಾಚುತ್ತಾರೆ. ಹಬೆ ಸೇವನೆಯೇ ಎಂದು ಡಾರಿಲ್ ಲಿಖಿತವಾಗಿ ಕೇಳಿದ್ದಾನೆ. ಟ್ರಾಯ್ ವ್ಯಾನಿನಲ್ಲಿ ಪಾರಂಪರಿಕ ಗ್ರಿಲ್ಲಿನ ಚಿತ್ರವಿರುವ ಮಗ್ಗುಗಳು ಮಾರಾಟಕ್ಕಿವೆ. ತುಕ್ಕಿನ ಸದಸ್ಯೆ ಈಗ ಹೊಳಪು ನಿಯಂತ್ರಣ ಉಪಸಮಿತಿಯ ಅಧ್ಯಕ್ಷೆ, ತುಂಬ ಚೆನ್ನಾಗಿ ನಡೆಸಿಕೊಂಡು ಹೋಗುತ್ತಿದ್ದಾರೆ. ಮನುಷ್ಯರ ಟೀ ಉಪಸಮಿತಿ ರಚನೆಯಾಗಿಲ್ಲ, ಸದಸ್ಯರು ಸಾಲುತ್ತಿಲ್ಲ.

ತೀರ್ಪುಗಾರರು ಬರುವ ಬೆಳಿಗ್ಗೆ ಇಡೀ ಸಭೆ ಕಡಲತೀರದಲ್ಲಿ ಸಾಲಾಗಿ ನಿಂತಿತ್ತು. ರಾತ್ರಿಯ ಗಾಳಿ ಇನ್ನೂ ತಗ್ಗಿರಲಿಲ್ಲ, ನೀರು ಹೆಪ್ಪುಗಟ್ಟುವುದೊಂದು ಬಾಕಿ. ಗ್ರಿಲ್ಲು ಮೂಲೆಯಿಂದ ಮೂಲೆಗೆ ಕೆಟ್ಟು ಥಳಥಳಿಸುತ್ತಿತ್ತು. ಮೇಯರ್ ಅದರತ್ತ ನೋಡಲಾರದೆ ರಸ್ತೆಯತ್ತ ನೋಡುತ್ತಿದ್ದರು. "ಸುರೀರಿ, ಇನ್ನೂ ಸುರೀರಿ," ಎಂದು ಬ್ರೆಂಟನ್ ಪಿಸುಗುಟ್ಟುತ್ತಿದ್ದರು. ನೋಲೀನ್ ಎರಡು ಡ್ರಮ್ ಮುಗಿಸಿ ಮೂರನೆಯದರ ತಳಕ್ಕೆ ಬಂದಿದ್ದರು.

ಕ್ಲೆಮ್ ನೀರಿನಿಂದ ಎದ್ದು ಬಂದರು. ಟವೆಲ್ಲನ್ನು ಹೆಗಲಿಗೆ ಎಳೆದುಕೊಳ್ಳಲು ಮೂರು ಸಲ ನೋಡಿದರು, ಆಗಲಿಲ್ಲ. ಅವರ ಹಲ್ಲು ಕಟಕಟಿಸುವುದು ಎಲ್ಲರಿಗೂ ಕೇಳಿಸುತ್ತಿತ್ತು, ಎಲ್ಲರೂ ರಸ್ತೆಯತ್ತಲೇ ನೋಡುತ್ತಿದ್ದರು.

ನೋಲೀನ್ ನಲ್ಲಿ ನಿಲ್ಲಿಸಿದರು. ಹಳದಿ ಜಾಕೆಟ್ಟಿನ ಜೇಬಿನಿಂದ ಒಂದು ಕಪ್ಪು ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡರು.

"ಲಿಂಡ್ಸೆ," ಎಂದರು, "ತಳದಲ್ಲಿ ಒಂದು ಕಪ್ಪಿನಷ್ಟು ಉಳಿದಿದೆ. ಗ್ರಿಲ್ಲಿಗೆ ಇವತ್ತು ಸಾಕಾಗಿದೆ ಕಣೋ. ಇದೊಂದನ್ನ ಕ್ಲೆಮ್‌ಗೆ ಕೊಡ್ಲಾ?"